ಡಾಕ್ಟರಜ್ಜಿಯ ಮಾತ್ರೆ ಡಬ್ಬ

ಪಟ್ಟಂದೂರು ಅಗ್ರಹಾರದಲ್ಲಿ ಚಿಕ್ಕಮುನಿಯಮ್ಮನ ಮನೆ ಯಾವುದೆಂದು ಕೇಳಿದರೆ ಜನ ತಡವರಿಸುತ್ತಾರೆ. ಡಾಕ್ಟರಜ್ಜಿ ಎಂದರೆ ಸಾಕು, ಬಾಗಿಲಿಗೇ ತಂದು ಬಿಡುತ್ತಾರೆ. ಹಾಗಂತ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ರಾಗಿ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಬಾಡಿಗೆದಾರರು ನುಂಗಿ ಉಳಿಸಿದ ಮಾತ್ರೆಗಳೆಲ್ಲ ಅವಳ ಹಳೆಯ ಬಿಸ್ಕತ್ತಿನ ಡಬ್ಬ ಸೇರುತ್ತವೆ. ಯಾರಿಗೆ ಜ್ವರ, ನೆಗಡಿ ಬಂದರೂ ಅಜ್ಜಿ ಡಬ್ಬ ಕೆದಕಿ, ಬಣ್ಣ ನೋಡಿ, ಪುಕ್ಕಟೆಯಾಗಿ ಎರಡು ಕೊಡುತ್ತಾಳೆ. ಡಾಕ್ಟರಜ್ಜಿ ಎಂಬ ಹೆಸರೆಂದರೆ ಅವಳಿಗೆ ಕಿವಿಯ ಓಲೆಗಿಂತ ಹೆಚ್ಚು.

ಮೊಮ್ಮಗಳು ಮಂಜುಶ್ರೀ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಮೊನ್ನೆ ತರಗತಿಯಲ್ಲಿ ಜಗತ್ತಿನ ಆರೋಗ್ಯ ಸಮಸ್ಯೆಗಳ ಪಾಠ. ಆಂಟಿಬಯಾಟಿಕ್ ಮಾತ್ರೆಗಳನ್ನು ಜನ ಬೇಕಾಬಿಟ್ಟಿ ನುಂಗಿ, ರೋಗಾಣುಗಳು ಔಷಧಿಗೆ ಜಗ್ಗದಂತಾಗಿವೆ ಎಂದು ವಿವರಿಸಿದ ಮೇಡಂ, “ನಿಮ್ಮ ಸುತ್ತಮುತ್ತಲಿನ ಉದಾಹರಣೆ ತನ್ನಿ” ಎಂದರು. ಮಂಜುಶ್ರೀಯ ಕಣ್ಣಿಗೆ ಕಟ್ಟಿದ್ದು ಬಿಸ್ಕತ್ತಿನ ಡಬ್ಬ. ಬಾಯಿ ಬಿಟ್ಟರೆ ಅಜ್ಜಿಯ ಮಾನ ಹೋಗುತ್ತದೆ, ಬಿಡದಿದ್ದರೆ ತಾನು ಓದಿ ಮಾಡಿದ್ದೇನು? ಅವಳು ನೋಟ್ ಪುಸ್ತಕ ತೆರೆದು ಮುಖ ಮರೆಸಿಕೊಂಡಳು.

ಸಂಜೆ ಮನೆಗೆ ಬಂದರೆ, ಐಟಿ ಪಾರ್ಕಿನ ಸೆಕ್ಯೂರಿಟಿ ಯಂಕಪ್ಪ ಆಂಟಿಬಯಾಟಿಕ್ ಮಾತ್ರೆಯ ಅರ್ಧ ಸ್ಟ್ರಿಪ್ ಹಿಡಿದು ನಿಂತಿದ್ದ. “ಕಾಲಿನ ಗಾಯ ಒಣಗ್ತು ಅಜ್ಜಿ. ಉಳಿದಿದ್ದು ಯಾರಿಗಾದ್ರೂ ಆಗ್ಲಿ.” ಅಜ್ಜಿ ಅದನ್ನೇ ಈಸಿಕೊಂಡು, ನೆಗಡಿಯಾಗಿ ಸೀನುತ್ತಿದ್ದ ಮೇಲಿನ ಮನೆ ಮಾಲಾಳ ಕೈಗಿಟ್ಟಳು.

“ಮಾಲಕ್ಕಾ, ನುಂಗ್ಬೇಡಿ!”

ಮಂಜುಶ್ರೀಯ ಬಾಯಿಂದ ಮಾತು ಜಾರಿಯೇ ಹೋಯಿತು. ಅಜ್ಜಿಯ ಮುಖ ಸಪ್ಪಗಾಯಿತು. “ಯಾಕವ್ವಾ, ನಾನೇನ್ ಇಸ ಕೊಟ್ನಾ?”

ಮಂಜುಶ್ರೀ ಅಜ್ಜಿಯನ್ನು ಒಳಗೆ ಕರೆದೊಯ್ದು ಪಕ್ಕದಲ್ಲಿ ಕೂತಳು. “ಅಜ್ಜೀ, ಹೊಲದಲ್ಲಿ ಹಾವು ಬಂದ್ರೆ ಅರ್ಧ ಹೊಡೆದು ಬಿಡ್ತಿದ್ಯಾ?”

“ಎಲ್ಲಾದ್ರೂ ಉಂಟಾ! ಏಟು ತಿಂದ್ ಆವು ಅಟ್ಟಿಸ್ಕಂಡ್ ಬತ್ತದೆ.”

“ಗಾಯದಲ್ಲಿರೋ ಕಣ್ಣಿಗೆ ಕಾಣದ ಹುಳಾನೂ ಅಷ್ಟೇ. ಯಂಕಪ್ಪಣ್ಣ ಅರ್ಧ ಹೊಡೆದು ಬಿಟ್ಟಿದ್ದಾರೆ. ನೆಗಡಿಗಂತೂ ಈ ಮಾತ್ರೆ ನಾಟೋದೇ ಇಲ್ಲ. ಹೀಗೇ ಹಂಚಿದ್ರೆ ಹುಳಗಳು ಏಟಿಗೆ ಒಗ್ಗಿಬಿಡ್ತವೆ, ನಾಳೆ ದೊಡ್ಡ ಕಾಯಿಲೆ ಬಂದಾಗ ಔಷಧಿ ಹತ್ತಲ್ಲ. ಇಡೀ ಪ್ರಪಂಚಕ್ಕೇ ಇದೇ ತಲೆನೋವು ಅಜ್ಜಿ.”

“ಪರ್ಪಂಚದ್ ತಲೆನೋವು ನನ್ ಡಬ್ಬದಾಗೈತಾ?”

ಅಜ್ಜಿ ಅಂದು ಮುದ್ದೆ ಮುರಿದು ಹಾಗೇ ಬಿಟ್ಟಳು.

ಭಾನುವಾರ ನೀರಿನ ಟ್ಯಾಂಕರ್ ಬಂದಾಗ ಬಾಡಿಗೆದಾರರೆಲ್ಲ ಬಿಂದಿಗೆ ಹಿಡಿದು ಅಂಗಳದಲ್ಲಿ ಸೇರಿದ್ದರು. ಅಜ್ಜಿ ಡಬ್ಬ ಹಿಡಿದು ಹೊರಬಂದಳು. ಮತ್ತೆ ಹಂಚುತ್ತಾಳೇನೋ ಎಂದು ಮಂಜುಶ್ರೀ ಓಡಿಬಂದಳು.

“ಯಂಕಪ್ಪ, ಇವತ್ತೇ ಡಾಕ್ಟ್ರು ತಾವ ಓಗಿ ಕಾಲು ತೋರ್ಸು,” ಎಂದಳು ಅಜ್ಜಿ. ಆಮೇಲೆ ಡಬ್ಬವನ್ನು ಮೊಮ್ಮಗಳ ಕೈಗಿಟ್ಟು, “ಇದ್ನ ಎಲ್ಲಿಗ್ ಕೊಡ್ಬೇಕೋ ಕೊಡು. ಮೊದ್ಲು ಜಗಲಿ ಅತ್ತಿ ನಿಂತ್ಕೊ. ನಂಗ್ ಯೋಳ್ದಂಗೇ ಇವ್ರಿಗೂ ಯೋಳು,” ಎಂದಳು.

ಮಂಜುಶ್ರೀ ಹಾವಿನಿಂದಲೇ ಶುರುಮಾಡಿದಳು. ಮೊದಲು ಅಜ್ಜಿಗಷ್ಟೇ ಕೇಳುವಂತಿದ್ದ ದನಿ ಆಮೇಲೆ ತಾನಾಗಿ ಗಟ್ಟಿಯಾಯಿತು. ಬಿಂದಿಗೆಗಳು ತುಂಬಿ ಚೆಲ್ಲಿದರೂ ಯಾರೂ ಕದಲಲಿಲ್ಲ. ಅಷ್ಟು ಮಂದಿಯ ನಡುವೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅಜ್ಜಿಯನ್ನು ಕಂಡು ಅವಳಿಗೆ ಹೆಮ್ಮೆ ಉಕ್ಕಿ ಬಂತು.

ಮಾತು ಮುಗಿದ ಮೇಲೆ ಮಾಲಾ ಕೆಣಕಿದಳು, “ಹಂಗಾದ್ರೆ ಇನ್ಮೇಲೆ ನಿಮ್ಮನ್ನ ಡಾಕ್ಟರಜ್ಜಿ ಅನ್ನೋ ಹಾಗಿಲ್ವಾ?”

“ಬ್ಯಾಡ ಬುಡು. ಅದು ನೀವ್ ಕೊಟ್ಟಿದ್ ಎಸ್ರು,” ಎಂದು ಅಜ್ಜಿ ಜಗಲಿಯ ಕಡೆ ಕೈ ತೋರಿಸಿದಳು. “ಇನ್ಮ್ಯಾಕೆ ನರ್ಸಮ್ಮನ ಅಜ್ಜಿ ಅನ್ನಿ. ಅದು ನನ್ ಮೊಮ್ಮಗ್ಳು ಕೊಟ್ಟಿದ್ದು.”