ಯಾರೂ ತಿನ್ನದ ಹುಂಜ

ನಮ್ಮ ಮನೆಯ ಹುಂಜವನ್ನು ಯಾವಾಗ ಕೊಯ್ಯುತ್ತೀರಿ ಎಂದು ಮೂರು ವರ್ಷಗಳಲ್ಲಿ ನಲವತ್ತೊಂದು ಮಂದಿ ಕೇಳಿದರು. ಡೈರಿಯ ಹಿಂದಿನ ಪುಟದಲ್ಲಿ ಗೆರೆ ಎಳೆದು ಲೆಕ್ಕ ಇಟ್ಟಿದ್ದೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ ಗೆರೆ. ಹಾಲಿನವನೊಬ್ಬನೇ ಆರು ಸಲ ಕೇಳಿದ್ದ. ಅವನನ್ನು ಒಂದೇ ಗೆರೆಗೆ ಹಿಡಿದಿದ್ದೇನೆ.

ಹುಂಜ ನಮ್ಮ ಮನೆಗೆ ತಾನಾಗಿಯೇ ಬಂದದ್ದು. ದಾವಣಗೆರೆಯ ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ಒಬ್ಬಾತ ಸೈಕಲ್ಲಿನ ಹ್ಯಾಂಡಲ್ಲಿಗೆ ಕೋಳಿಗಳನ್ನು ತಲೆಕೆಳಗಾಗಿ ನೇತುಹಾಕಿಕೊಂಡು ಹೋಗುತ್ತಿದ್ದಾಗ ಒಂದರ ಕಾಲಿನ ದಾರ ಬಿಚ್ಚಿತು. ಅದು ನಮ್ಮ ಗೇಟಿನ ಕೆಳಗೆ ನುಸುಳಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅಡಗಿತು. ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಲಿಂಗಾಯತರ ಮನೆ. ಸೈಕಲ್ಲಿನವನು ಹಿಂದೆಯೇ ಬಂದಾಗ ಅಜ್ಜಿ ಗೇಟಿಗೆ ಅಡ್ಡ ನಿಂತಳು.

"ಅಮ್ಮಾರೆ, ನಮ್ ಹುಂಜ ಒಳಗೈತೆ, ಕೊಡ್ರಿ."

"ಅದು ಶರಣು ಬಂದೈತಪ್ಪ. ಶರಣು ಬಂದಿದ್ದನ್ನ ಹೆಂಗೆ ಕೊಡಾದು?"

"ಕೋಳಿಗೆ ಎಂಥಾ ಶರಣ್ರಿ! ಅದು ಪ್ಯಾಟಿಗೆ ಹೊಂಟಿತ್ತು."

"ಪ್ಯಾಟಿಗೆ ಹೋಗಾಕೆ ಅದಕ್ಕೆ ಮನಸಿಲ್ಲ. ನೀನೇ ನೋಡಿದ್ಯಲ್ಲ."

ಅಪ್ಪ ಅವನ ಕೈಗೆ ಏನೋ ಇಟ್ಟು ಸಮಾಧಾನ ಮಾಡಿ ಕಳಿಸಿದರು. ಅಂದಿನಿಂದ ಅಜ್ಜಿಗೆ ಒಂದೇ ಹಟ. ಈ ಹುಂಜವನ್ನು ಯಾರೂ ತಿನ್ನಬಾರದು. ಸಂಜೆಯಾಗುತ್ತಲೇ ಅದನ್ನು ತನ್ನ ಕೋಣೆಗೆ ಒಯ್ದು ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಒಳಕಲ್ಲಿನ ಗುಂಡು ಇಡುತ್ತಿದ್ದಳು. ಹುಂಜ ಬೆಳಗಿನ ಜಾವ ಕೂಗುವುದಕ್ಕಿಂತ ಹೆಚ್ಚಾಗಿ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಅಡ್ಡಾದ ಮೇಲೆ ಕೂಗುತ್ತಿತ್ತು. ಅಪ್ಪನ ಸ್ಕೂಟರನ್ನು ಮಾತ್ರ ಅಟ್ಟಿಸಿಕೊಂಡು ಹೋಗುತ್ತಿತ್ತು, ಬೇರೆ ಯಾರದ್ದನ್ನೂ ಅಲ್ಲ. ಅಮ್ಮ ಅದನ್ನು ಅಜ್ಜಿಯ ಎರಡನೇ ಮಗ ಎನ್ನುತ್ತಿದ್ದಳು, ಅಜ್ಜಿಗೆ ಕೇಳಿಸುವಂತೆಯೇ.

೧೯೯೮ರ ಮಾರ್ಚ್ ೭, ಶನಿವಾರ. ಬುಟ್ಟಿ ಎತ್ತಿದರೆ ಹುಂಜ ಏಳಲಿಲ್ಲ. ಅಜ್ಜಿ ಅದರ ಕೊಕ್ಕಿಗೆ ನೀರು ಬಿಟ್ಟು ನೋಡಿದಳು. ಆಮೇಲೆ ಅದರ ಹಣೆ ಎಲ್ಲಿದೆ ಎಂದು ಸ್ವಲ್ಪ ಹುಡುಕಿ, ಜುಟ್ಟಿನ ಬುಡಕ್ಕೆ ವಿಭೂತಿ ಹಚ್ಚಿದಳು.

ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಅಪ್ಪ ಪಕ್ಕದ ಖಾಲಿ ಸೈಟಿನಲ್ಲಿ ಗುಂಡಿ ತೋಡಿ ಅದನ್ನೇ ಮಾಡಿದರು. ಊಟದ ಹೊತ್ತಿಗೆ ಹೊರಗೆ ಗಲಾಟೆ. ಓಡಿ ಹೋಗಿ ನೋಡಿದರೆ ಬೀದಿನಾಯಿ ಹುಂಜದ ಒಂದು ರೆಕ್ಕೆ ಹಿಡಿದು ಎಳೆಯುತ್ತಿದೆ, ಅಜ್ಜಿ ಇನ್ನೊಂದನ್ನು. ಅಜ್ಜಿಯ ಕೈಯಲ್ಲಿ ಪೊರಕೆ ಇದ್ದುದರಿಂದ ಅವಳೇ ಗೆದ್ದಳು.

"ಇದನ್ನ ಸುಡಬೇಕು," ಎಂದಳು, ಮಣ್ಣಾದ ಹುಂಜವನ್ನು ಜಗಲಿಯ ಮೇಲೆ ಮಲಗಿಸಿ.

"ನಮ್ಮಾಗೆ ಸುಡಾದಿಲ್ಲವ್ವಾ," ಎಂದರು ಅಪ್ಪ.

"ನಮ್ಮಾಗೆ ಕೋಳೀನೂ ಇರಾದಿಲ್ಲ. ಇತ್ತೋ ಇಲ್ಲೋ?"

ಅಪ್ಪ ಗುದ್ದಲಿಯ ಮಣ್ಣು ಕೊಡವತೊಡಗಿದರು. ಉತ್ತರ ಹೊಳೆದದ್ದು ಅಮ್ಮನಿಗೆ. "ಅತ್ತೆಮ್ಮಾ, ನಮ್ಮ ಹಿತ್ತಲಿಂದ ಕೋಳಿ ಸುಟ್ಟ ವಾಸನೆ ಬಂದ್ರೆ ಈ ಬೀದಿಯಾಗೆ ತಲೆ ಎತ್ತಿ ಓಡ್ಯಾಡಾಕೆ ಆಗ್ತೈತೇನ್ರಿ? ಆಮ್ಯಾಲೆ ಬೂದಿನಾದ್ರೂ ಎಲ್ಲಿ ಹಾಕ್ತೀರಿ? ಗಿಡಕ್ಕೆ ಹಾಕಿದ್ರೆ ಗಿಡ ತಿಂತೈತೆ, ಹೊಳಿಗೆ ಬಿಟ್ರೆ ಮೀನು ತಿಂತೈತೆ."

ಅಮ್ಮ ತಮಾಷೆಗೆ ಹೇಳಿದ್ದು. ಅಜ್ಜಿಯ ಮುಖ ಮಾತ್ರ ಪೆಚ್ಚಾಯಿತು. ಆಗ ನಾನು ಬಾಯಿ ಹಾಕಿದೆ. ಬಿಎಸ್‌ಸಿ ಮುಗಿಸಿ ಎಂಟು ತಿಂಗಳಿಂದ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪಿಂಗಾಣಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಉಪ್ಪಿನಕಾಯಿ ಜಾಡಿ, ಟೀ ಕಪ್ಪು ಮಾಡುತ್ತಿದ್ದರು. ಅವುಗಳ ಮೈಮೇಲೆ ಗಾಜಿನಂತೆ ಹೊಳೆಯುವ ಲೇಪಕ್ಕೆ ಗ್ಲೇಜ್ ಎನ್ನುತ್ತಾರೆ. ಅದರ ಪುಡಿಗಳನ್ನು ತೂಗಿ, ಬೆರೆಸಿ, ಫಲಿತಾಂಶ ಬರೆದಿಡುವುದು ನನ್ನ ಕೆಲಸ. ಮೂಳೆಯ ಬೂದಿಯನ್ನು ಗ್ಲೇಜಿಗೆ ಬೆರೆಸಬಹುದು, ಭಟ್ಟಿಯಲ್ಲಿ ಅದು ಕರಗಿ ಜಾಡಿಗೆ ಅಂಟಿ ಗಾಜಾಗುತ್ತದೆ ಎಂದು ಅಜ್ಜಿಗೆ ಹೇಳಿದೆ.

"ಗಾಜನ್ನ ನಾಯಿ ತಿಂತೈತೇನು?"

"ಇಲ್ಲಜ್ಜಿ."

"ಇರುವೆ? ಗೆದ್ದಲು?"

"ಯಾವುದೂ ತಿನ್ನಲ್ಲ."

"ಹಂಗಾರೆ ಅದನ್ನೇ ಮಾಡವ್ವ."

ಸುಡುವುದೆಲ್ಲಿ? ಕಾರ್ಖಾನೆಯ ಭಟ್ಟಿಯಲ್ಲಿ ಮಾಲೀಕರು ಬಿಡುತ್ತಿರಲಿಲ್ಲ. ನಮ್ಮಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಊರು ಹರಿಹರದ ಪಕ್ಕದ ಗುತ್ತೂರು. ಅಲ್ಲಿ ಅವನ ಅಣ್ಣನದು ಇಟ್ಟಿಗೆ ಭಟ್ಟಿ. ಸಂಜೆಯೇ ಮೇಸ್ತ್ರಿಗೆ ಹೇಳಿಕಳಿಸಿದೆವು. ಮರುದಿನ ಭಾನುವಾರ ನಾನೂ ಅಜ್ಜಿಯೂ ಹುಂಜಕ್ಕೆ ಅರಿಶಿನ ಹಚ್ಚಿ, ಬಾಳೆ ಎಲೆಯಲ್ಲಿ ಸುತ್ತಿ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದೆವು.

"ಏನಮ್ಮಾ ಅದ್ರಾಗೆ?" ಎಂದ ಕಂಡಕ್ಟರ್.

"ಹುಂಜ," ಎಂದಳು ಅಜ್ಜಿ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಜೀವ ಐತೇನು? ಜೀವ ಇದ್ರೆ ಅದಕ್ಕೊಂದು ಟಿಕೆಟ್ ತಗಾಬೇಕು."

"ಇಲ್ಲಪ್ಪ."

"ಹಂಗಾರೆ ಅಡಿಗಿ. ಅಡಿಗಿಗೆ ಟಿಕೆಟ್ ಇಲ್ಲ." ಹಾಗೆಂದು ಮುಂದೆ ಹೋದ. ಹರಿಹರದವರೆಗೂ ಅಜ್ಜಿ ಡಬ್ಬಿಯ ಮುಚ್ಚಳದ ಮೇಲೆ ಎರಡೂ ಕೈ ಊರಿಕೊಂಡು ಕಂಡಕ್ಟರನ ಬೆನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಗುತ್ತೂರಿನ ಇಟ್ಟಿಗೆ ಭಟ್ಟಿಗೆ ಅಂದು ಹೊಸದಾಗಿ ಬೆಂಕಿ ಹಚ್ಚುವುದಿತ್ತು. ಬೆಂಕಿ ಹಚ್ಚುವ ಮೊದಲು ಕೋಳಿ ಒಪ್ಪಿಸಿ, ಆಮೇಲೆ ಎಲ್ಲರೂ ಕೂತು ಊಟ ಮಾಡುವುದು ಅಲ್ಲಿಯ ರೂಢಿ. ಇದು ನನಗೆ ಗೊತ್ತಿರಲಿಲ್ಲ. ಮೇಸ್ತ್ರಿ ತನ್ನ ಅಣ್ಣನಿಗೆ ಹೇಳಿದ್ದು ಇಷ್ಟೇ: ನಾಳೆ ದಾವಣಗೆರೆಯಿಂದ ಒಬ್ಬ ಅಜ್ಜಿ ಹುಂಜ ತರುತ್ತಾಳೆ. ನಾವು ಹೋದಾಗ ಐದು ಮಂದಿ ಕೆಲಸಗಾರರು ಎದ್ದು ನಿಂತು ನಮಸ್ಕಾರ ಮಾಡಿದರು. ಮೇಸ್ತ್ರಿಯ ಅತ್ತಿಗೆ ಒಳಕಲ್ಲಿನ ಮುಂದೆ ಕೂತು ಮಸಾಲೆ ಅರೆದು ಮುಗಿಸಿದ್ದಳು.

ಅಜ್ಜಿ ಹುಂಜವನ್ನು ಹೊಸ ಗಡಿಗೆಯೊಳಗೆ ಇಟ್ಟಳು. ಬೇರೆ ಬೂದಿ ಬೆರೆಯದಂತೆ ಗಡಿಗೆಯಲ್ಲೇ ಸುಡಬೇಕೆಂದು ನಾನು ಹೇಳಿದ್ದೆ. ಅತ್ತಿಗೆ ಬಗ್ಗಿ ನೋಡಿದಳು.

"ಅಜ್ಜಿ, ಪುಕ್ಕನೇ ಕಿತ್ತಿಲ್ಲಲ್ಲ!"

"ಬ್ಯಾಡ."

"ಉಪ್ಪು?"

"ಬ್ಯಾಡ."

"ಮಸಾಲಿ ಆದ್ರೂ ಸವರ್ತೀನಿ ತಡೀರಿ."

"ಏನೂ ಬ್ಯಾಡವ್ವ. ಮುಚ್ಚಳ ಮುಚ್ಚಿ ಬೆಂಕಿಯಾಗೆ ಇಡ್ರಿ."

"ಎಷ್ಟೊತ್ತು ಇಡಾಣ?" ಎಂದ ಕೆಲಸಗಾರರಲ್ಲಿ ಹಿರಿಯ.

"ಬೂದಿ ಆಗಾವರೆಗೂ."

ಐದೂ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯ ಬಹಳ ಮರ್ಯಾದೆಯಿಂದ ಹೇಳಿದ, "ಅಜ್ಜಿ, ನೀವು ತಿನ್ನಾದಿಲ್ಲ ಅಂತ ಕಾಣತೈತೆ, ಅದಕ್ಕೇ ಗೊತ್ತಿಲ್ಲ. ಅಷ್ಟೊತ್ತಿಟ್ರೆ ಸೀದು ಹೋಗ್ತೈತ್ರಿ."

"ಸೀಯಲಿ ಅಂತಾನೇ ತಂದೀನಿ!"

ಮೇಸ್ತ್ರಿ ಮಧ್ಯೆ ಬಂದು ವಿಷಯ ಬಿಡಿಸಿ ಹೇಳಿದ. ಯಾರಿಗೂ ನಗು ಬರಲಿಲ್ಲ, ಹಸಿವಾಗಿತ್ತು. ಗಡಿಗೆಯನ್ನು ಬೆಂಕಿಯ ಬಾಯಿಗಿಟ್ಟು ಸ್ವಲ್ಪ ಹೊತ್ತಾಗುತ್ತಲೇ ಮೊದಲು ಪುಕ್ಕ ಸುಟ್ಟ ನಾತ, ಆಮೇಲೆ ಮುಚ್ಚಳದ ಸಂದಿಯಿಂದ ಬೇರೆಯದೇ ವಾಸನೆ. ನಾನು ಸೆರಗು ಮೂಗಿಗೆ ಹಿಡಿದೆ. ಕೆಲಸಗಾರರು ವಾಸನೆ ಬೀಸುವ ಕಡೆಗೆ ಸರಿದು ಕೂತರು. ಒಬ್ಬ ಬುತ್ತಿಯ ರೊಟ್ಟಿ ಬಿಚ್ಚಿ, ಭಟ್ಟಿಯ ಕಡೆ ಮುಖ ಮಾಡಿ, ಒಂದು ತುತ್ತಿಗೆ ಒಂದು ಸಲ ಉಸಿರೆಳೆದುಕೊಂಡು ತಿನ್ನತೊಡಗಿದ.

"ಏಯ್, ಅದನ್ನ ನಂಚಿಕೋತೀಯೇನೋ?" ಎಂದು ಅಜ್ಜಿ ಕೂಗಿದಳು.

"ವಾಸನಿ ಅಷ್ಟೇ ಅಜ್ಜಿ. ಹುಂಜ ಗಡಿಗಿಯಾಗೇ ಐತೆ."

ಅಜ್ಜಿ ಗಡಿಗೆಯ ಮುಚ್ಚಳ ಸರಿದಿಲ್ಲವೆಂದು ನೋಡಿಕೊಂಡು ವಾಸನೆ ತಿಂದದ್ದನ್ನು ಮಾಫಿ ಮಾಡಿದಳು. ಅರೆದಿಟ್ಟ ಮಸಾಲೆ ನೋಡಿ ಅವಳಿಗೂ ಕಸಿವಿಸಿಯಾಗಿತ್ತು. ಕೊನೆಗೆ ಹೊಲದಿಂದ ಬದನೆಕಾಯಿ ತರಿಸಿ, ಆ ಮಸಾಲೆ ತುಂಬಿ ಎಣ್ಣೆಗಾಯಿ ಮಾಡಿಸಿದಳು. ಎಲ್ಲರೂ ಉಂಡರು. ಹಿರಿಯ ಮಾತ್ರ ಪ್ರತಿ ಬದನೆಕಾಯಿಯನ್ನೂ ಬಿಡಿಸಿ ಒಳಗೆ ನೋಡುತ್ತಿದ್ದ, ಏನೋ ಇರಬಹುದು ಎಂಬಂತೆ.

ಭಟ್ಟಿ ಆರಿದ ಮೇಲೆ ಮೇಸ್ತ್ರಿ ಗಡಿಗೆಯನ್ನು ಕಾರ್ಖಾನೆಗೆ ತಂದುಕೊಟ್ಟ. ಮೂಳೆ ಬೆಳ್ಳಗೆ ಸುಟ್ಟು ಬೆರಳಲ್ಲಿ ಪುಡಿಯಾಗುತ್ತಿತ್ತು. ಅರೆದು, ತೊಳೆದು, ಒಣಗಿಸಿ, ಜರಡಿ ಹಿಡಿದು ತೂಗಿದೆ. ಎಪ್ಪತ್ತೆರಡು ಗ್ರಾಂ. ನನ್ನ ಅಭ್ಯಾಸವೋ ದುರಭ್ಯಾಸವೋ, ಪರೀಕ್ಷೆ ಮಾಡದೆ ಯಾವುದನ್ನೂ ನೇರವಾಗಿ ಮಾಡುವವಳಲ್ಲ ನಾನು. ಮೂರು ಟೀ ಕಪ್ಪಿಗೆ ಮೂರು ಅಳತೆಯಲ್ಲಿ ಬೂದಿ ಬೆರೆಸಿದ ಗ್ಲೇಜ್ ಹಚ್ಚಿ, ತಳದಲ್ಲಿ ಒಂದು, ಎರಡು, ಮೂರು ಎಂದು ಬರೆದು ಭಟ್ಟಿಗೆ ಕಳಿಸಿದೆ. ಮೂರೂ ಚೆನ್ನಾಗಿ ಬಂದವು. ಹಾಲಿನ ಕೆನೆಗೆ ಒಂದು ಹನಿ ನೀಲಿ ಬಿಟ್ಟಂಥ ಬಣ್ಣ. ಆ ಧೈರ್ಯದಿಂದ ಉಳಿದ ಬೂದಿಯನ್ನೆಲ್ಲ ಹಾಕಿ, ಅಜ್ಜಿಗೆಂದು ತೆಗೆದಿಟ್ಟಿದ್ದ ಉಪ್ಪಿನಕಾಯಿ ಜಾಡಿಗೆ ದಪ್ಪಗೆ ಹಚ್ಚಿದೆ.

ಜಾಡಿ ಕೆಟ್ಟಿತು. ಗ್ಲೇಜ್ ಮೇಣದಬತ್ತಿಯ ಹಾಗೆ ಇಳಿದು, ಮುಚ್ಚಳ ಜಾಡಿಗೇ ಬೆಸೆದುಹೋಗಿತ್ತು. ಮೇಸ್ತ್ರಿ ಎರಡು ಕೈಯಲ್ಲಿ ತಿರುಚಿ ನೋಡಿ, "ಮೇಡಂ, ಇದು ಜಗ್ಗಾದಿಲ್ಲ. ರಿಜೆಕ್ಟ್," ಎಂದ. ಹೆದರುತ್ತಲೇ ಮನೆಗೆ ಒಯ್ದೆ. ಅಜ್ಜಿಯೂ ತಿರುಚಿದಳು. ಬರಲಿಲ್ಲ. ಅವಳ ಮುಖ ಅರಳಿತು.

"ಇದ್ರಾಗೆ ಉಪ್ಪಿನಕಾಯಿ ಹಾಕಾಕೆ ಬರಾದಿಲ್ಲ!"

"ಬರಲ್ಲಜ್ಜಿ."

"ಯಾರೂ ಏನೂ ತಿನ್ನಾಕೆ ಬರಾದಿಲ್ಲ. ಶಾಣ್ಯಾಕಿ ನೀನು." ಜಾಡಿಯನ್ನು ತನ್ನ ಕೋಣೆಯ ಗೂಡಿನಲ್ಲಿಟ್ಟು, ಸ್ವಲ್ಪ ಹಿಂದೆ ಸರಿದು ನೋಡಿ, "ಅವ ಪೂರಾ ಇದ್ರಾಗೇ ಅದಾನಾ?" ಎಂದು ಕೇಳಿದಳು.

"ಮೂರು ಕಪ್ಪಿಗೆ ಸ್ವಲ್ಪ ಹೋಗೈತೆ. ಪರೀಕ್ಷೆಗೆ."

"ಕಪ್ಪು? ಎಲ್ಲಿ ಅದಾವು?"

ಎಲ್ಲಿವೆ ಎಂದು ನಾನೂ ಯೋಚಿಸಿದ್ದು ಆಗಲೇ ಮೊದಲು.

ಮರುದಿನ ಅಜ್ಜಿ ನನ್ನ ಜೊತೆಗೇ ಕಾರ್ಖಾನೆಗೆ ಹೊರಟಳು. ಬೇಡವೆಂದರೂ ಕೇಳಲಿಲ್ಲ. ಮೇಸ್ತ್ರಿ ಒಂದನೇ ನಂಬರಿನ ಕಪ್ಪಿನಲ್ಲಿ ಬ್ರಷ್ಷು ನೆನೆ ಹಾಕಿದ್ದ. ಅದನ್ನು ಅಜ್ಜಿ ಕ್ಷಮಿಸಿ ಕಪ್ಪನ್ನು ಎತ್ತಿಕೊಂಡಳು. ಎರಡನೆಯದು ಟೀ ಒಲೆಯ ಪಕ್ಕದಲ್ಲಿ ಸಕ್ಕರೆ ಅಳೆಯುವುದಕ್ಕಿತ್ತು. ಸಕ್ಕರೆಯನ್ನು ಡಬ್ಬಿಗೆ ಸುರಿದು ಆ ಕಪ್ಪನ್ನೂ ಸೆರಗಿಗೆ ಹಾಕಿಕೊಂಡಳು. ಮೂರನೆಯದು ಆಫೀಸಿನೊಳಗೆ ಹುಬ್ಬಳ್ಳಿಯಿಂದ ಬಂದಿದ್ದ ವ್ಯಾಪಾರಿಯ ಕೈಯಲ್ಲಿತ್ತು, ಟೀ ಸಮೇತ. ಅವರು ಅದನ್ನು ಬೆಳಕಿಗೆ ಹಿಡಿದು ನಮ್ಮ ಮಾಲೀಕರಿಗೆ, "ಇದೇ ಬಣ್ಣ ನೂರು ಡಜನ್ ಮಾಡಿ ಕೊಡ್ರಿ," ಎನ್ನುತ್ತಿದ್ದರು.

ಅಜ್ಜಿ ಅವರೆದುರು ಹೋಗಿ ನಿಂತಳು.

"ಪೂರಾ ಕುಡಿದ್ರೇನು?"

ವ್ಯಾಪಾರಿ ಗಾಬರಿಯಾಗಿ ಕಪ್ಪಿನೊಳಗೆ ನೋಡಿದರು. "ಇನ್ನೊಂದು ಗುಟುಕ ಐತಿ, ಅಮ್ಮಾರ. ಯಾಕ್ರಿ?"

"ಅದನ್ನ ಬಿಡ್ರಿ. ಅದು ನಮ್ಮ ಹುಂಜ."

ಮಾಲೀಕರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಜ್ಜಿ ಸೈಕಲ್ಲಿನವನಿಂದ ಹಿಡಿದು ಗುತ್ತೂರಿನವರೆಗೆ ಎಲ್ಲವನ್ನೂ ಹೇಳಿದಳು. ವ್ಯಾಪಾರಿಯ ಹಣೆಯ ಮೇಲೂ ಅಜ್ಜಿಯದರಂತೆಯೇ ಮೂರು ಬೆರಳಿನ ವಿಭೂತಿ ಇತ್ತು. ಅವರು ಕಪ್ಪನ್ನು ನಿಧಾನಕ್ಕೆ ಮೇಜಿನ ಮೇಲಿಟ್ಟು, ಕರ್ಚೀಫಿನಿಂದ ತುಟಿ ಒರೆಸಿ, ಅದನ್ನು ಮಡಚಿ ಮತ್ತೊಮ್ಮೆ ಒರೆಸಿಕೊಂಡರು.

"ನಾ ತಿಂದಂಗಾತೇನ್ರಿ, ಅಮ್ಮಾರ?"

ಇದು ಅಜ್ಜಿಗೂ ಕಷ್ಟದ ಪ್ರಶ್ನೆ. ಅವಳು ಕಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಸವರಿ, ಒಳಗೆ ಹೊರಗೆ ನೋಡಿದಳು. "ಇಲ್ಲ ಬಿಡ್ರಿ. ಗಾಜು ಗಾಜಿನಂಗೇ ಐತೆ. ಸವೆದಿಲ್ಲ."

ವ್ಯಾಪಾರಿ ಉಸಿರು ಬಿಟ್ಟರು. ಹೊರಡುವಾಗ ಮಾಲೀಕರಿಗೆ ಹೇಳಿದರು, "ಬಣ್ಣ ಇದೇ ಇರಲಿ. ಹುಂಜ ಬ್ಯಾಡ."

ಅಷ್ಟಕ್ಕೂ ಅಜ್ಜಿಗೆ ನೆಮ್ಮದಿಯಾಗಲಿಲ್ಲ. ಕಪ್ಪು ಎಂದ ಮೇಲೆ ಇವತ್ತಲ್ಲ ನಾಳೆ ಯಾರಾದರೂ ಅದಕ್ಕೆ ಬಾಯಿ ಹಚ್ಚಿಯೇ ಹಚ್ಚುತ್ತಾರೆ ಎಂಬುದು ಅವಳ ವಾದ. ಮೇಸ್ತ್ರಿಯನ್ನು ಕರೆದು ಮೂರರ ತಳಕ್ಕೂ ತೂತು ಹಾಕು ಎಂದಳು.

"ಇಷ್ಟು ಚಂದದ ಕಪ್ಪಿಗೆ ತೂತೇನಜ್ಜಿ?"

"ಚಂದ ಐತೆ ಅಂತಾನೇ ಹಾಕಪ್ಪ."

ಮೇಸ್ತ್ರಿ ಕಪ್ಪುಗಳನ್ನು ನೀರಿನಲ್ಲಿ ಮುಳುಗಿಸಿ, ಕೈ ಡ್ರಿಲ್ಲಿನಿಂದ ಮೆಲ್ಲಗೆ ಒಂದೊಂದು ತೂತು ಕೊರೆದ. ಎರಡನೆಯದು ಸ್ವಲ್ಪ ಬಿರುಕು ಬಿಟ್ಟರೂ ಒಡೆಯಲಿಲ್ಲ. ಅಜ್ಜಿ ಪ್ರತಿಯೊಂದಕ್ಕೂ ನೀರು ಹೊಯ್ದು, ಅದು ತಳದಿಂದ ಸುರಿದು ಹೋಗುವುದನ್ನು ನೋಡಿದ ಮೇಲೆಯೇ ಮನೆಗೆ ಹೊರಟಳು.

ಸಂಜೆ ಅಮ್ಮ ಆ ಕಪ್ಪುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅತ್ತೆಮ್ಮಾ, ತೂತು ಐತಲ್ಲ, ಮಣ್ಣು ತುಂಬಿ ಕೊತ್ತಂಬರಿ ಹಾಕಾಣೇನ್ರಿ? ದಿನಾ ಚಟ್ನಿಗೆ ಆಗ್ತೈತೆ."

ಅಜ್ಜಿ ಅವಳ ಕೈಯಿಂದ ಮೂರನ್ನೂ ಕಸಿದುಕೊಂಡಳು.

ಮರುದಿನ ಬೆಳಿಗ್ಗೆ ಒಗೆಯುವ ಕಲ್ಲಿನ ಪಕ್ಕ ಮೂರೂ ಕಪ್ಪುಗಳಲ್ಲಿ ಕನಕಾಂಬರದ ಸಸಿಗಳಿದ್ದವು. ಅಜ್ಜಿ ಒಂದು ಎಲೆ ಕಿತ್ತು ಪಕ್ಕದ ಮನೆಯ ಆಡಿಗೆ ಹಿಡಿದು, ಅದು ಮೂಸಿ ಮುಖ ತಿರುಗಿಸಿದ್ದನ್ನು ನೋಡಿ ಒಳಗೆ ಹೋದಳು.