ಬೆರೆಸಿದ ಕೂಡಲೇ ತಿನ್ನಬೇಕಂತೆ

ನಮ್ಮ ಮನೆಯಲ್ಲಿ ಬೆಳಗಾಗುವುದು ಬಿಪಿ ಮಷೀನಿನಿಂದ.

ಹಾಲು ಆಮೇಲೆ. ನಳದ ನೀರು ಆಮೇಲೆ. ಮೊದಲು ನಮ್ಮ ಯಜಮಾನರು ಡೈನಿಂಗ್ ಟೇಬಲ್ ಮೇಲೆ ಎಡಗೈ ಚಾಚಿ ಕೂರುತ್ತಾರೆ. ನಾನು ಪಟ್ಟಿ ಸುತ್ತಿ ಬಟನ್ ಒತ್ತುತ್ತೇನೆ. ಮಷೀನು ಗುರ್ ಅನ್ನುವಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಮಿಕ್ಸರ್ ಬಂದ್. ಕುಕ್ಕರ್ ಸೀಟಿ ಹೊಡೆಯುವಂತಿದ್ದರೆ ಗ್ಯಾಸ್ ಸಣ್ಣ. ಕಾಲೇಜಿಗೆ ಹೋಗುವ ಮಗಳು ಬ್ರಷ್ಷನ್ನು ಬಾಯಲ್ಲೇ ಹಿಡಿದು ನಿಲ್ಲುತ್ತಾಳೆ. ದೇವರ ಜಗಲಿಯ ಮುಂದೆ ಅತ್ತೆ ಬಾರಿಸುವ ಗಂಟೆ ಕೂಡ ಅರ್ಧಕ್ಕೇ ನಿಲ್ಲುತ್ತದೆ.

“ಎಷ್ಟ ಬಂತು?” ಅಂತ ಒಳಗಿಂದ ದನಿ.

ನಾನು ಹೇಳುತ್ತೇನೆ.

“ಛಲೋ ಆತು. ದೇವ್ರ ಕಾಯ್ದ.” ಗಂಟೆ ಮತ್ತೆ ಶುರು.

ಮೊನ್ನೆ ಬುಧವಾರವೂ ಹೀಗೇ ಆಯಿತು. ಆಮೇಲೆ ನಾನು ಅಡುಗೆಮನೆಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಇನ್ನೊಂದು ಸಣ್ಣ ಮಷೀನು ತೆಗೆದೆ. ಅದು ನನ್ನದು. ಶುಗರ್ ನೋಡುವುದು. (ಡಾಕ್ಟರಮ್ಮ ಹೇಳಿದ ಮೇಲೆ ನಾನೇ ಹೋಗಿ ತಂದದ್ದು.) ಬೆರಳಿಗೆ ಸೂಜಿ ಚುಚ್ಚಿ, ಹನಿ ರಕ್ತ ಸ್ಟ್ರಿಪ್ಪಿಗೆ ಮುಟ್ಟಿಸಿ, ನಂಬರ್ ನೋಡಿದೆ. ಛಲೋ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಹೂವಿನ ಬುಟ್ಟಿ ಹಿಡಿದು ಒಳಗೆ ಬಂದರು. ನನ್ನ ಬೆರಳು ನೋಡಿದರು. ನಾನು ಕಾದೆ. ನನಗೂ ಅದೇ ಸಾಕಿತ್ತು: ಎಷ್ಟ ಬಂತು?

“ಆ ಕೈ ಹಿಟ್ಟಿಗೆ ಮುಟ್ಟಸಬ್ಯಾಡ ಬೇ, ತೊಳ್ಕೊ,” ಅಂದರು.

ತೊಳೆದುಕೊಂಡೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ಊಟಕ್ಕೆ ಮೊದಲು ಕೈ ತೊಳೆಯುವುದನ್ನೂ, ಹಿರಿಯರ ಎದುರು ದನಿ ಏರಿಸದಿರುವುದನ್ನೂ ಒಂದೇ ಪಾಠದಲ್ಲಿ ಕಲಿಸಿದ್ದರು. ಎರಡೂ ಇನ್ನೂ ಮರೆತಿಲ್ಲ, ಏನು ಮಾಡಲಿ?

ಇವರ ಬಿಪಿ ಮೊದಲ ಸಲ ಏರಿದ ದಿನ ನೆನಪಿದೆ. ಇವರದು ಟಿಕೋಟಾದಲ್ಲಿ ಡ್ರಿಪ್ ಪೈಪಿನ ಅಂಗಡಿ. ದ್ರಾಕ್ಷಿ ತೋಟದವರೇ ಗಿರಾಕಿಗಳು. ಅಂಗಡಿಯಲ್ಲಿ ತಲೆ ತಿರುಗಿ ಕೂತರು ಅಂತ ಫೋನ್ ಬಂತು. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದರು. ಅಷ್ಟೇ! ಸಂಜೆಯೊಳಗೆ ಇಡೀ ಮನೆಯಿಂದ ಉಪ್ಪು ಗಡೀಪಾರು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ವರ್ಷಕ್ಕೆ ಆಗುವಷ್ಟು ಹಾಕಿಟ್ಟ ಮಾವಿನ ಉಪ್ಪಿನಕಾಯಿ ಭರಣಿ, ಎಲ್ಲ ಬಬಲೇಶ್ವರದ ನಾದಿನಿ ಮನೆಗೆ ಹೋದವು. ಅತ್ತೆ ತಾವೇ ಮುಂದೆ ನಿಂತು ಕಟ್ಟಿಸಿದರು. “ಅಂವಾ ತಿನ್ನಂಗಿಲ್ಲಂದ್ರ ನಮಗ್ಯಾಕ ಬೇಕು?” ಅಂದರು. ಉಪ್ಪಿನಕಾಯಿ ಇಲ್ಲದೆ ತುತ್ತು ಇಳಿಯದ ಹೆಂಗಸು ಅವರು. ಅವರೂ ಬಿಟ್ಟರು, ಮಗಳೂ ಬಿಟ್ಟಳು, ನಾನೂ ಬಿಟ್ಟೆ. ಇವತ್ತಿಗೂ ನಮ್ಮ ಮನೆಯ ಸಾರಿಗೆ ನೀರಿನ ರುಚಿ. ಬಂದವರು ಒಂದು ತುತ್ತು ಉಂಡು ಮುಖ ನೋಡಿಕೊಳ್ಳುತ್ತಾರೆ. ನಾವು ನಗುತ್ತೇವೆ.

ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮನೆ ಅಂದರೆ ಹೀಗೇ ಇರಬೇಕು.

ಕಳೆದ ತಿಂಗಳು ನನ್ನ ಶುಗರ್ ಏರಿದೆ ಅಂತ ಗೊತ್ತಾಯಿತು. “ರಾತ್ರಿ ಊಟ ಹಗುರ ಮಾಡ್ರಿ. ಅನ್ನ ಬಿಡ್ರಿ. ಕಾಳು, ತರಕಾರಿ ಜಾಸ್ತಿ,” ಅಂದರು ಡಾಕ್ಟರಮ್ಮ. ಮನೆಗೆ ಬಂದು ಹೇಳಿದೆ. ಯಜಮಾನರು ಮೊಬೈಲಿನಿಂದ ತಲೆ ಎತ್ತಿದರು (ಇಲ್ಲ ಅನ್ನಬಾರದು, ಎತ್ತಿದರು).

“ಹೌದಾ? ಕಡಿಮಿ ತಿನ್ನು ಮತ್ತ,” ಅಂದರು.

ಮುಗಿಯಿತು. ಮನೆಯಿಂದ ಒಂದು ಸಕ್ಕರೆ ಡಬ್ಬಿ ಕೂಡ ಅಲುಗಲಿಲ್ಲ. ರಾತ್ರಿ ಎಲ್ಲರಿಗೂ ಬಿಸಿ ರೊಟ್ಟಿ, ಅನ್ನ, ಸಾರು ಮಾಡಿ ಬಡಿಸಿ, ಅಡುಗೆಮನೆ ಒರೆಸಿ, ಆಮೇಲೆ ನನಗೆ ಬೇರೆ ಏನಾದರೂ ಹಗುರದ್ದು ಮಾಡಿಕೊಳ್ಳಬೇಕು. ಅಷ್ಟು ಹೊತ್ತಿಗೆ ಯಾರಿಗೆ ಶಕ್ತಿ ಇರುತ್ತದೆ? ಪಾತ್ರೆಯಲ್ಲಿ ಉಳಿದ ಅನ್ನವೇ ಹಗುರ ಅನ್ನಿಸುತ್ತದೆ.

ಇದಕ್ಕೆ ಮದ್ದು ಹುಡುಕಿದ್ದು ಮಗಳು. “ಮಮ್ಮಿ, ಟ್ಯಾಕೊ ಸಲಾಡ್ ಮಾಡು. ಹೆಲ್ದಿ. ಎಲ್ಲಾರೂ ಅದನ್ನ ತಿನ್ನೂಣು,” ಅಂತ ವಿಡಿಯೊ ತೋರಿಸಿದಳು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೆಕ್ಕೆಜೋಳದ ರೊಟ್ಟಿ ಮಡಚಿ ಒಳಗೆ ಪಲ್ಯ ತುಂಬಿದರೆ ಅದು ಟ್ಯಾಕೊ. ಮಡಚುವ ಕಷ್ಟವೂ ಬೇಡ ಅಂತ ರೊಟ್ಟಿ ಮುರಿದು, ಪಲ್ಯ, ಹಸಿ ಸೊಪ್ಪು, ಕಾಳು, ಕೆನೆ, ಚೀಸ್ ಎಲ್ಲ ಬೋಗುಣಿಯಲ್ಲಿ ಕಲಸಿದರೆ ಟ್ಯಾಕೊ ಸಲಾಡ್. ಅದರಲ್ಲಿ ಎಣ್ಣೆ, ಕೆನೆ ತೆಗೆದರೆ ಹಗುರ ಟ್ಯಾಕೊ ಸಲಾಡ್. ವಿಡಿಯೊದ ತಲೆಬರಹ: ‘ಈಸಿ ವೀಕ್‌ನೈಟ್ ಡಿನ್ನರ್’.

ವೀಕ್‌ನೈಟ್! ನಮ್ಮ ಗ್ಯಾಸ್ ಕಟ್ಟೆಗೆ ಭಾನುವಾರ ಯಾವುದು, ಬುಧವಾರ ಯಾವುದು ಅಂತ ಯಾರಾದರೂ ಹೇಳಿದ್ದಾರೆಯೇ?

ಆ ವಿಡಿಯೊದ ಹೆಂಗಸನ್ನು ನೀವು ನೋಡಬೇಕು. ಬಿಳಿ ಅಂಗಿ. (ಟೊಮೆಟೊ ಹೆಚ್ಚುವಾಗ ಬಿಳಿ ಅಂಗಿ ಯಾರು ಹಾಕುತ್ತಾರೆ?) ಎದುರಿಗೆ ಸಾಲಾಗಿ ಗಾಜಿನ ಬಟ್ಟಲುಗಳು. ಒಂದರಲ್ಲಿ ಹೆಚ್ಚಿದ ಉಳ್ಳಾಗಡ್ಡಿ, ಒಂದರಲ್ಲಿ ಬೆಂದ ಕಾಳು. ಎತ್ತಿ ಎತ್ತಿ ಸುರಿಯುತ್ತಾಳೆ, ನಗುತ್ತಾಳೆ, ಮುಗಿಯಿತು. ಕಾಳು ಯಾವಾಗ ನೆನೆಹಾಕಿದಳು? ಉಳ್ಳಾಗಡ್ಡಿ ಯಾರು ಹೆಚ್ಚಿದರು? ಆ ಬಟ್ಟಲುಗಳನ್ನೆಲ್ಲ ಯಾರು ತೊಳೆಯುತ್ತಾರೆ? ಅದು ವಿಡಿಯೊದಲ್ಲಿಲ್ಲ.

ಕೊನೆಗೆ ಒಂದು ಮಾತು ಹೇಳಿದಳು: ‘ಬೆರೆಸಿದ ಕೂಡಲೇ ಎಲ್ಲರೂ ಕೂತು ತಿನ್ನಿ. ತಡಮಾಡಿದರೆ ಮೆತ್ತಗಾಗಿ ಕೆಟ್ಟುಹೋಗುತ್ತದೆ.’

ಈ ಮಾತು ಮಾತ್ರ ನನಗೆ ಹಿಡಿಸಿತು. ಯಾಕೆ ಗೊತ್ತೇ? ಮಾಡಿದವಳೂ ಜೊತೆಗೆ ಕೂರಲೇಬೇಕಾದ ಅಡುಗೆ ನನ್ನ ಜೀವನದಲ್ಲಿ ಇದೊಂದೇ. ಒಂದು ರಾತ್ರಿ, ಒಂದೇ ಊಟ, ಎಲ್ಲರೂ ಒಟ್ಟಿಗೆ, ನನ್ನ ಶುಗರ್ ಸಲುವಾಗಿ. ಆಗುತ್ತದೋ ಇಲ್ಲವೋ ನೋಡಿಯೇಬಿಡೋಣ ಅಂದುಕೊಂಡೆ.

ನಮ್ಮ ಓಣಿಯ ಮೂಲೆಗೆ ಮಮದಾಪುರದಿಂದ ಮೊದಲ ಬಸ್ಸಿಗೆ ಸೊಪ್ಪು ತರುವ ಅಜ್ಜಿ ಕೂರುತ್ತಾಳೆ. ಲೆಟ್ಯೂಸ್ ಇದೆಯೇ ಅಂತ ಕೇಳಿದೆ.

“ಏನ್ರಿ ಹಂಗಂದ್ರ?”

“ಹಸೇದ ತಿನ್ನೂ ಎಲಿ, ಅವ್ವಾ.”

“ಹಸೇದ ತಿನ್ನಾಕ ಹಕ್ಕರಕಿ ಒಯ್ರಿ. ಸೂಡ ನೋಡ್ರಿ ಹೆಂಗದ. ಯಾಕ್ರಿ ಅಕ್ಕಾರ, ಮನ್ಯಾಗ ಯಾರಿಗರ ಆರಾಮಿಲ್ಲೇನು?”

“ನನಗ ಸಕ್ರಿ ಬ್ಯಾನಿ.”

“ಹೌದ್ರಿ? ನಾ ಎಲ್ಲಿ ಸಾಹೇಬ್ರಿಗಿ ಏನರ ಆತೇನೊ ಅಂತ ಅಂಜಿದ್ದೆ ನೋಡ್ರಿ!” ಅಂತ ಎದೆಯ ಮೇಲೆ ಕೈ ಇಟ್ಟು ಉಸ್ ಅಂದಳು. ಮೇಲೊಂದು ಸೂಡು ಸೊಪ್ಪು ಪುಕ್ಕಟೆ ಹಾಕಿದಳು, ಸಾಹೇಬರು ಆರಾಮ ಇದ್ದ ಖುಷಿಗೆ ಇರಬೇಕು.

ಯಜಮಾನರಿಗೆ ಫೋನ್ ಮಾಡಿ, ಬರುವಾಗ ಟಿಕೋಟಾದಿಂದ ನಾಲ್ಕು ಟೊಮೆಟೊ, ಎರಡು ಸೌತೆಕಾಯಿ ತನ್ನಿ ಅಂದೆ. ಶ್ರಾವಣ ಸೋಮವಾರ ಹೇಳದೆಯೇ ಎರಡು ಡಜನ್ ಬಾಳೆಹಣ್ಣು ತರುವ ಮನುಷ್ಯ ಇವರು. ಬುಧವಾರ ಬರಿಗೈಯಲ್ಲಿ ಬಂದರು. “ಕಳ್ಳಕವಟಗಿ ಊರಾಗಿನ ಗಿರಾಕಿ ಬಂದಿದ್ರು, ಮರತೆ,” ಅಂದರು. ಇರಲಿ. ಸಂಜೆಯೇ ನಾನು ಹೋಗಿ ತಂದಿದ್ದೆ. ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ಗೊತ್ತಾಗದಿದ್ದರೆ ಹೇಗೆ?

ಅಡುಗೆ ಮಾತ್ರ ನಿಜಕ್ಕೂ ಚೆನ್ನಾಗಿ ಆಯಿತು. ಮೊಳಕೆ ಬಂದ ಮಡಿಕೆ ಕಾಳನ್ನು ಬಳ್ಳೊಳ್ಳಿ, ಜೀರಿಗೆ, ಕೆಂಪು ಖಾರ ಹಾಕಿ ನೀರು ಆರುವವರೆಗೆ ಬೇಯಿಸಿದೆ. (ಅಂಗಡಿಯಲ್ಲಿ ಟ್ಯಾಕೊ ಮಸಾಲೆ ಅಂತ ಪೊಟ್ಟಣದಲ್ಲಿ ಮಾರುವುದೂ ಹೆಚ್ಚುಕಡಿಮೆ ಇದೇ ಮೂರು.) ಕೆನೆಯ ಬದಲು ಬಟ್ಟೆಯಲ್ಲಿ ಕಟ್ಟಿ ಇಳಿಸಿದ ಗಟ್ಟಿ ಮೊಸರು, ಅದಕ್ಕೆ ಲಿಂಬೆಹಣ್ಣು. ಹೆಚ್ಚಿದ ಹಕ್ಕರಕಿ, ಸೌತೆಕಾಯಿ, ಟೊಮೆಟೊ, ಉಳ್ಳಾಗಡ್ಡಿ. ಕರಿದ ಚಿಪ್ಸ್ ಬದಲು ಸಜ್ಜೆಯ ಕಡಕ್ ರೊಟ್ಟಿ. ಉಪ್ಪು ಹಾಕಲಿಲ್ಲ. ಅವರ ಬಿಪಿ ನೆನಪಿತ್ತು ನನಗೆ.

ನಮ್ಮ ಡೈನಿಂಗ್ ಟೇಬಲ್ಲಿಗೆ ನಾಲ್ಕು ಕುರ್ಚಿ. ನಾಲ್ಕನೆಯದರ ಮೇಲೆ ಯಾವಾಗಲೂ ಒಣಗಿದ ಬಟ್ಟೆ ಮಡಚಿ ಇಟ್ಟಿರುತ್ತದೆ. ಯಾರೂ ಕೂರುವುದಿಲ್ಲವಲ್ಲ, ಅದಕ್ಕೆ. ಅವತ್ತು ಬಟ್ಟೆ ಎತ್ತಿ ದಿವಾನದ ಮೇಲಿಟ್ಟೆ. ನಾಲ್ಕು ಬೋಗುಣಿ ತಂದೆ. ಎಲ್ಲರ ಎದುರಿಗೇ ರೊಟ್ಟಿ ಮುರಿದು ಬೆರೆಸಿದೆ. ಕೂತೆ.

“ನೀನೂ ಈಗ ಕುಂದ್ರತಿ? ಮತ್ತ ಬಡಸಾವ್ರು ಯಾರು?” ಅಂದರು ಅತ್ತೆ.

“ಬಡಸೂದೇನೂ ಇಲ್ಲರಿ ಅತ್ತೀ. ಎಲ್ಲಾ ಇದರಾಗ ಐತಿ.”

ಅತ್ತೆ ಚಮಚದಿಂದ ಕೆದಕಿದರು. “ಕಡಕ್ ರೊಟ್ಟಿ ಯಾಕ ಪುಡಿ ಮಾಡೀದಿ ಬೇ? ಹಲ್ಲಿಲ್ಲದವ್ರಿಗೆ ಹಿಂಗ ಮಾಡಿ ಕೊಡ್ತಾರ. ನನ್ನ ಹಲ್ಲ ಇನ್ನೂ ಗಟ್ಟಿ ಅದಾವ, ತೋರಸ್ಲೇನು?”

ಮಗಳು ಮೊದಲು ಫೋಟೊ ತೆಗೆದಳು. ಬೋಗುಣಿ ತಿರುಗಿಸಿ ಇನ್ನೊಂದು ತೆಗೆದಳು. ಯಜಮಾನರು ಮಾತ್ರ ಗಬಗಬ ತಿಂದರು. “ಏ, ಛಲೋ ಆಗೇತಿ! ಮಸ್ತ್!” ಅಂದರು. ನನಗೆ ಒಳಗೊಳಗೇ ಹಿಗ್ಗು. ಮೊದಲ ಚಮಚ ಬಾಯಿಗೆ ಇಟ್ಟೆ. ರೊಟ್ಟಿ ಕರುಂ ಅಂತು. ಎಷ್ಟು ಚೆನ್ನಾಗಿತ್ತು!

ಯಜಮಾನರು ಬೋಗುಣಿ ಪಕ್ಕಕ್ಕೆ ಸರಿಸಿ, ಮುಂದಿನ ಜಾಗ ಕೈಯಿಂದ ಒರೆಸಿಕೊಂಡರು.

“ಹಂ. ಈಗ ಊಟಕ್ಕ ಹಾಕು.”

“ಇದ ಊಟಾರಿ.”

“ಇದ? ಇದು ಪಚಡಿ ಅಲ್ಲಾ? ಅನ್ನ ಎಲ್ಲೈತಿ?”

“ಅನ್ನ ಮಾಡಿಲ್ಲರಿ. ಡಾಕ್ಟರ್ ಹೇಳ್ಯಾರಲ್ರಿ, ರಾತ್ರಿ ಹಗುರ ಇರ್ಲಿ ಅಂತ.”

“ನಿನಗ ಹೇಳ್ಯಾರ. ನಮಗ್ಯಾಕ ಶಿಕ್ಷಾ?”

ದನಿ ಏರಿಸಲಿಲ್ಲ ನಾನು. “ನಿಮಗ ಉಪ್ಪ ಬ್ಯಾಡ ಅಂದಾಗ ನಾವೆಲ್ಲಾರೂ ಬಿಟ್ಟಿದ್ವಲ್ರಿ,” ಅಂದೆ.

ಉತ್ತರ ಬಂದದ್ದು ಅತ್ತೆಯಿಂದ.

“ಅದ ಬ್ಯಾರೆ ಬೇ. ಅಂವಾ ಮನಿ ಯಜಮಾನ. ಅಂವಗ ಏನರ ಆದ್ರ…” ಮುಂದೆ ಹೇಳಲಿಲ್ಲ. ಸೆರಗಿನಿಂದ ಕಣ್ಣು ಒತ್ತಿಕೊಂಡರು.

ನನಗೆ ಏನಾದರೂ ಆದರೆ? ಆ ಪ್ರಶ್ನೆ ಟೇಬಲ್ ಮೇಲೆ ಇತ್ತು, ಬೋಗುಣಿಗಳ ನಡುವೆಯೇ. ಯಾರೂ ಎತ್ತಿಕೊಳ್ಳಲಿಲ್ಲ.

ಮಗಳ ಕಡೆ ನೋಡಿದೆ. ವಿಡಿಯೊ ತೋರಿಸಿದವಳು, ನನ್ನ ಪಕ್ಷದವಳು ಅಂದುಕೊಂಡಿದ್ದೆ. ಅವಳು ಮೊಬೈಲಿನಲ್ಲಿ ಬೆರಳಾಡಿಸುತ್ತ, “ಮಮ್ಮಿ, ಫೋಟೊಕ್ಕ ಎಷ್ಟ ಲೈಕ್ ಬರಾಕತ್ತಾವ ನೋಡು,” ಅಂದಳು. ಆಮೇಲೆ ಮೆಲ್ಲಗೆ, “ಚಪಾತಿ ಒಂದೂ ಉಳಿದಿಲ್ಲಾ?”

“ಒಂದೀಟ ಅನ್ನಾ ಇಟ್ರ ಏನಾಗ್ತದ? ನೀ ಉಣಬ್ಯಾಡ, ಅಷ್ಟ,” ಅಂದರು ಯಜಮಾನರು. ದನಿಯಲ್ಲಿ ಸಿಟ್ಟಿರಲಿಲ್ಲ. ಉದಾರವಾಗಿ, ನನಗೆ ರಜೆ ಕೊಡುವವರ ಹಾಗೆ ಹೇಳಿದರು.

ನಾನು ಏಳಲಿಲ್ಲ. ನಿಜವಾಗಿ ಏಳಲಿಲ್ಲ. ಎರಡನೆಯ ಚಮಚ ತುಂಬಿದೆ. ಆಗ ಅತ್ತೆ ಎದ್ದರು. ಟೇಬಲ್ ಹಿಡಿದು, ಮೊಣಕಾಲು ಹಿಡಿದು, “ಯಪ್ಪಾ… ಶಿವನ…” ಅನ್ನುತ್ತ ಅಕ್ಕಿ ಡಬ್ಬಿಯ ಕಡೆ ಹೊರಟರು. (ಅದೇ ಮೊಣಕಾಲು ಬೆಳಿಗ್ಗೆ ಗಂಟೆ ಬಾರಿಸಲು ಸರಸರ ನಡೆಯುತ್ತದೆ.) ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದು ಗಿರಗಿರ ತಿರುಗಿತು. ಯಜಮಾನರು ನನ್ನ ಕಡೆ ನೋಡಿದರು. ಮಗಳು ನೋಡಿದಳು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಎದ್ದೆ. ಕುಕ್ಕರ್ ಇಟ್ಟೆ. ಫ್ರಿಜ್ಜಿನಲ್ಲಿದ್ದ ಮಧ್ಯಾಹ್ನದ ಸಾರು ಬಿಸಿ ಮಾಡಿದೆ. ಮೂರು ತಾಟು ಹಚ್ಚಿದೆ. ಉಂಡರು. ಅತ್ತೆ ತೃಪ್ತಿಯಿಂದ ತೇಗಿ, “ಈಗ ಹೊಟ್ಟಿ ತುಂಬಿತು ನೋಡು,” ಅಂದರು. ಲೆಕ್ಕ ಹಾಕಿದರೆ ಅವತ್ತು ಯಜಮಾನರು ದಿನಕ್ಕಿಂತ ಒಂದು ಬೋಗುಣಿ ಜಾಸ್ತಿಯೇ ಉಂಡರು. ಹಗುರ ಊಟ ಅಂದರೆ ಇದೇ ಇರಬೇಕು: ಎರಡು ಅಡುಗೆ, ಎರಡು ಪಟ್ಟು ಪಾತ್ರೆ.

ಅಡುಗೆಮನೆಯಿಂದ ಬಂದು ನನ್ನ ಬೋಗುಣಿ ಎತ್ತಿಕೊಂಡೆ. ಕೂರೋಣ ಅಂದರೆ ನಾಲ್ಕನೆಯ ಕುರ್ಚಿಯ ಮೇಲೆ ಬಟ್ಟೆ ಬಂದು ಕೂತಿತ್ತು. ಯಾರು ಇಟ್ಟರೋ. ದಿವಾನದ ಮೇಲೆ ಯಜಮಾನರು ಕಾಲು ಚಾಚಬೇಕಲ್ಲ, ಬಟ್ಟೆಗೆ ಬೇರೆ ಜಾಗ ಎಲ್ಲಿದೆ?

ಬೋಗುಣಿ ಹಿಡಿದು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತೆ. ವಿಡಿಯೊದವಳು ಹೇಳಿದ್ದು ನಿಜ. ರೊಟ್ಟಿ ಮೊಸರು ಕುಡಿದು ಮೆತ್ತಗಾಗಿತ್ತು. ಹಕ್ಕರಕಿ ಬಾಡಿ ಕಪ್ಪಗಾಗಿತ್ತು. ಟೊಮೆಟೊ ನೀರು ಬಿಟ್ಟಿತ್ತು. ಅಗಿಯುವುದೇ ಬೇಕಿಲ್ಲ, ನುಂಗಿದರೆ ಸಾಕು. ನುಂಗುವುದು ನಮಗೆ ಹೊಸದಲ್ಲ ಬಿಡಿ.

ಅಷ್ಟರಲ್ಲಿ ಪಕ್ಕದ ಮನೆಯ ಕಮಲಾಬಾಯಿ ಸಣ್ಣ ಬಟ್ಟಲು ಹಿಡಿದು ಬಂದರು. ಹಾಲಿಗೆ ಹಾಕಲು ಹೆಪ್ಪು ಬೇಕಿತ್ತು ಅವರಿಗೆ. ಸಲಾಡಿಗೆ ತೆಗೆದ ಮೇಲೆ ಗಡಿಗೆಯ ತಳದಲ್ಲಿ ಉಳಿದಿದ್ದ ಒಂದು ಚಮಚ ಮೊಸರು ತಂದುಕೊಟ್ಟೆ. ಒಳಗೆ ಟಿವಿ ಸದ್ದು, ಯಜಮಾನರ ನಗು. ಕಮಲಾಬಾಯಿ ಒಳಗೊಮ್ಮೆ ಇಣುಕಿದರು. ಮೆಟ್ಟಿಲ ಮೇಲಿದ್ದ ನನ್ನ ಬೋಗುಣಿಯನ್ನೊಮ್ಮೆ ನೋಡಿದರು. ಅನ್ನ ಕಾಣಲಿಲ್ಲ, ರೊಟ್ಟಿ ಕಾಣಲಿಲ್ಲ, ಬರೀ ಎಲೆ, ಕಾಳು.

ಹೊರಡುತ್ತ, ತಿರುಗಿಯೂ ನೋಡದೆ ಕೇಳಿದರು:

“ಉಪವಾಸ ಏನ್ರಿ ಅಕ್ಕಾರ ಇವತ್ತ? ಯಾರ ಸಲುವಾಗಿ?”