ತಳ ಹತ್ತಿದ ನುಚ್ಚು

ಕಣ್ಣಿಗೆ ಕಾಣದ್ದನ್ನು ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಕರುಣೆ. ಇತಿಹಾಸದ ಮಾಸ್ತರಿಗೆ ಆ ಕರುಣೆ ಸಂಬಳದ ಜೊತೆಗೇ ಬರುತ್ತದೆ. ಇದನ್ನು ಓದಿ ನೀವು ನನ್ನ ಮೇಲೂ ಅದನ್ನೇ ತೋರಿಸಿದರೆ ತಕರಾರಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಹಂಪಸಾಗರದ ಬಳಿ ಹೊಳೆಯ ನೀರು ಹಿಂದೆ ಸರಿದು, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದ ಹಳೆಯ ನೆಲ ಬಯಲಾಗಿತ್ತು. ಆಗ ನಾನು ವಿಜಯನಗರ ಕಾಲದ ಅಡುಗೆಮನೆಗಳ ಮೇಲೆ ಘನವಾದ ಪ್ರಬಂಧವೊಂದನ್ನು ಬರೆಯುತ್ತಿದ್ದೆ: ಅರಮನೆಗೆ ಬೆಳ್ಳಿ ಬಂಗಾರ, ವರ್ತಕರಿಗೆ ತಾಮ್ರ ಕಂಚು, ಉಳಿದ ಸಮಸ್ತ ಪ್ರಜೆಗಳಿಗೆ ಮಣ್ಣು. ಕೆಸರಿನಲ್ಲಿ ಒಡೆಯದ ಗಡಿಗೆಯೊಂದು ಸಿಕ್ಕಾಗ, ಮೂರನೆಯ ವರ್ಗದ ಪ್ರತಿನಿಧಿಯನ್ನು ಬರಮಾಡಿಕೊಳ್ಳುವವನಂತೆ ಎದೆಗವಚಿ ಮನೆಗೆ ತಂದೆ.

ಅವ್ವ ಬಾಗಿಲಲ್ಲೇ ತಡೆದಳು. "ಕಂಚಿಂದು ಸಿಗಲಿಲ್ಲೇನಲೇ ನಿನಗ? ಸಿಕ್ಕಿದ್ದೂ ನಮ್ಮಂಥೋರ ಗಡಿಗೀನ. ಸತ್ತೋರದು, ಒಳಗ ತರಬ್ಯಾಡ."

ತೊಳೆದು ಹಿತ್ತಲಲ್ಲಿ ಇಟ್ಟೆ.

ನಿಜ ಹೇಳಬೇಕೆಂದರೆ, ಮನೆಯಲ್ಲಿ ಇರಲಾರದೆ ನಾನು ಹೊಳೆಗೆ ಹೋಗುತ್ತಿದ್ದೆ. ನಮ್ಮ ಕೂಸು ಹುಟ್ಟಿದ ವಾರದಲ್ಲೇ ತೀರಿಕೊಂಡಿತ್ತು. ಅಂದಿನಿಂದ ನನ್ನ ಹೆಂಡತಿ ಶಾಂತಾ ಊಟ ಬಿಟ್ಟಿದ್ದಳು. ಅವ್ವ ಬಾಯಿಗೆ ಹನಿಸುವ ಹಾಲಷ್ಟೇ. ಉಣ್ಣದಿದ್ದರೆ ತಮ್ಮ ಔಷಧಿಯಿಂದ ಏನೂ ಆಗದು ಎಂದು ಹಗರಿಬೊಮ್ಮನಹಳ್ಳಿಯ ಡಾಕ್ಟರು ಹೇಳಿಬಿಟ್ಟಿದ್ದರು.

ಗಡಿಗೆ ತಂದ ದಿನ ಸಂಜೆ ಒಲೆ ಇನ್ನೂ ಹೊತ್ತಿರಲಿಲ್ಲ. ಮಲಗಿದ್ದ ಶಾಂತಾ ತಲೆಯೆತ್ತಿ, "ನುಚ್ಚು ತಳ ಹತ್ತೈತಿ, ಇಳಿಸ್ರಿ" ಎಂದಳು. ನನಗೂ ಆ ವಾಸನೆ ಬಂತು. ಅವಳು ಗೋಡೆ ಹಿಡಿದು ಹಿತ್ತಲಿಗೆ ನಡೆದಳು. ಗಡಿಗೆ ಮುಟ್ಟಿ ನೋಡಿದೆ: ತಣ್ಣಗಿತ್ತು, ಬರಿದಾಗಿತ್ತು. ಅವಳು ಅದರ ಮುಂದೆ ಕುಳಿತು, ಒಳಗೆ ಕೈಹಾಕಿ, ಬಾಯಿಗೆ ಒಯ್ದು, ಅಗಿದು ನುಂಗಿದಳು. ಹಾಗೇ ಹೊಟ್ಟೆ ತುಂಬ ಉಂಡು ತೇಗಿದಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮರುದಿನ ಅವ್ವ ಆಸೆಯಿಂದ ನುಚ್ಚು ಮಾಡಿ ಕರೆದಳು. ಶಾಂತಾ ಅದರತ್ತ ನೋಡದೆ ಹೋಗಿ ಗಡಿಗೆಯೊಳಗೆ ಕೈಯಾಡಿಸಿದಳು. "ಖಾಲಿ ಆಗೈತಿ" ಎಂದು ಬಂದು, ಗೋಡೆಗೆ ಮುಖ ಮಾಡಿ ಮಲಗಿದಳು. ಮತ್ತೆ ಏಳಲಿಲ್ಲ. ಹೊಳೆಗೆ ಹೊಸ ನೀರು ಬರುವ ಮೊದಲೇ ಹೋದಳು.

ಸೂತಕ ಕಳೆಯುವ ದಿನ ಅವ್ವ ಮನೆಯ ಮಣ್ಣಿನ ಪಾತ್ರೆಗಳನ್ನೆಲ್ಲ ಒಡೆದಳು, ಅದನ್ನೂ. ಇದ್ದ ಒಂದು ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಒಳಗಿಟ್ಟುಕೊಂಡಳು. ನನ್ನ ಪ್ರಬಂಧಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ. ಬರೆಯಲಿಲ್ಲ.

ದುಃಖದಲ್ಲಿ ಮನಸ್ಸು ಹೀಗೆಲ್ಲ ಆಡುತ್ತದೆ ಎಂದು ತಿಳಿದವರು ಹೇಳುತ್ತಾರೆ. ಒಪ್ಪುತ್ತೇನೆ; ಬೇರೆಯವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ಸಂಜೆ ಉಣ್ಣುತ್ತ ಉಣ್ಣುತ್ತ ಅವಳು ನನ್ನತ್ತ ಬರಿಗೈ ಚಾಚಿ, "ನೀವೂ ಉಂಡಿಲ್ಲಲ್ರಿ" ಎಂದಿದ್ದಳು. ಅವಳ ಸಮಾಧಾನಕ್ಕೆಂದು ಬಾಯಿ ತೆರೆದೆ.

ಬಿಸಿಯಿತ್ತು. ಉಪ್ಪು ಕಡಿಮೆಯಾಗಿತ್ತು.